ಹೆಸರು ಕೂಗುವ ಕೆಲಸ

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದರೆ ಹಾಸ್ಟೆಲ್ಲಿನ ಸಾರು, ಅನಾಟಮಿ ಹಾಲಿನ ಫಾರ್ಮಲಿನ್ ವಾಸನೆ, ಕೋಟೆ ಗುಡ್ಡದ ಸಂಜೆ, ಇವೇ ಬರುತ್ತವೆ. ಅವನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ನಾನು ಬರೆಯುವುದು ಗ್ರ್ಯಾಜುಯೇಷನ್ ದಿನದ ಕೆಲಸದ ಬಗ್ಗೆ. ಪ್ರತಿ ಬ್ಯಾಚೂ ಅದನ್ನು ಮೊದಲಿನಿಂದ ಕಲಿಯುತ್ತದೆ, ಕಲಿತದ್ದನ್ನು ಎಲ್ಲೂ ಬರೆದಿಡದೆ ಊರು ಬಿಡುತ್ತದೆ. ಮುಂದಿನವರು ಮತ್ತೆ ಅದೇ ಕಡೆ ಎಡವುತ್ತಾರೆ.

ಬಳ್ಳಾರಿಯ ವೇದಿಕೆಯ ಮೇಲೆ ಆ ದಿನ ಕೈಗೆ ಸಿಗುವುದು ಪದವಿ ಅಲ್ಲ ಎಂಬುದು ಬಹಳ ಮಂದಿ ಪೋಷಕರಿಗೆ ಗೊತ್ತಿರುವುದಿಲ್ಲ. ಪದವಿ ಕೊಡುವುದು ವಿಶ್ವವಿದ್ಯಾಲಯ. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಾಗ ಪದವಿಗೆ ಧಾರವಾಡದ ಕಡೆ ನೋಡಬೇಕಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ಅತ್ತ ಕಡೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾದ ಮೇಲೆ ಎಲ್ಲವೂ ಬೆಂಗಳೂರಿಗೆ ಹೋಯಿತು. ಅಲ್ಲಿನ ಘಟಿಕೋತ್ಸವಕ್ಕೆ ಕುಲಾಧಿಪತಿಗಳಾದ ರಾಜ್ಯಪಾಲರು ಬರುತ್ತಾರೆ, ಚಿನ್ನದ ಪದಕಗಳನ್ನು ಅಲ್ಲಿ ಕೊಡುತ್ತಾರೆ. ಸುಮಾರು 300 ಕಿಲೋಮೀಟರ್ ದೂರದ ಆ ಸಭಾಂಗಣಕ್ಕೆ ದೇವದುರ್ಗದ, ಸಿರುಗುಪ್ಪದ, ಕುಷ್ಟಗಿಯ ಅಪ್ಪ-ಅವ್ವ ಹೋಗುವುದು ಅಪರೂಪ. ಅವರ ಪಾಲಿಗೆ ಮಗಳು ಡಾಕ್ಟರಾದದ್ದು, ಮಗ ನರ್ಸಿಂಗ್ ಮುಗಿಸಿದ್ದು ಕಣ್ಣಾರೆ ಕಾಣುವುದು ಕಾಲೇಜಿನ ಈ ಸಮಾರಂಭದಲ್ಲೇ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು ಮೀಸಲಾಯಿತು. ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರ ತಂದೆ-ತಾಯಿ ಆ ಕುರ್ಚಿಗಳಲ್ಲಿ ಕೂತಿರುತ್ತಾರೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಇದು ಅವರ ಕಾರ್ಯಕ್ರಮ. ಹೊತ್ತು, ಭಾಷೆ, ಕುರ್ಚಿಯ ಸಾಲು, ಊಟ ಎಲ್ಲವನ್ನೂ ಅವರನ್ನು ಕಣ್ಣ ಮುಂದಿಟ್ಟುಕೊಂಡೇ ಗೊತ್ತು ಮಾಡಬೇಕು.

ಹೊತ್ತಿನಿಂದ ಶುರು ಮಾಡೋಣ. ನಾಲ್ಕೂವರೆ ವರ್ಷದ ಎಂ.ಬಿ.ಬಿ.ಎಸ್., ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಯುವುದು ಹೆಚ್ಚಾಗಿ ಬೇಸಿಗೆಯ ಬಾಯಲ್ಲಿ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಎಂದರೆ 40 ಡಿಗ್ರಿಯ ಬಿಸಿಲು. ಸಂಜೆ ತಂಪಿಗೆ ಇಟ್ಟುಕೊಳ್ಳೋಣ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸಂಜೆ ಐದಕ್ಕೆ ಕರೆದ ಕಾರ್ಯಕ್ರಮ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿದರೆ ಊರ ಕಡೆಯ ಕೊನೆಯ ಬಸ್ಸು ಹೋಗಿರುತ್ತದೆ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ಒಂದೂವರೆಯೊಳಗೆ ಊಟಕ್ಕೆ ಬಿಡುವುದೇ ವಾಸಿ.

ಕಾರ್ಯಕ್ರಮದ ಕ್ರಮದಲ್ಲಿ ನನ್ನದು ಒಂದೇ ಹಟ. ಹೆಸರು ಕೂಗುವುದನ್ನು ಅತಿಥಿಗಳ ಭಾಷಣದ ಹಿಂದೆ ಇಡಬೇಡಿ. ಮುಖ್ಯ ಅತಿಥಿ ತಡವಾಗಿ ಬರುತ್ತಾರೆ, ಬಂದವರು ಬೇಗ ಹೋಗಬೇಕೆನ್ನುತ್ತಾರೆ, ಹೋಗುವ ಮುನ್ನ ಇಪ್ಪತ್ತು ನಿಮಿಷ ಮಾತಾಡುತ್ತಾರೆ. ಕೊನೆಗೆ ಕತ್ತರಿ ಬೀಳುವುದು ಹುಡುಗರ ಸಮಯಕ್ಕೆ. ಮೊದಲ 20 ಜನಕ್ಕೆ ಪ್ರಮಾಣಪತ್ರದ ಫೋಲ್ಡರ್ ಅತಿಥಿಗಳ ಕೈಯಿಂದ, ಉಳಿದವರಿಗೆ ಗಡಿಬಿಡಿಯಲ್ಲಿ ಎಂದಾಗುತ್ತದೆ. ಪ್ರಾರ್ಥನೆ, ದೀಪ, ಚಿಕ್ಕ ಸ್ವಾಗತ, ಹೆಸರು, ಪ್ರತಿಜ್ಞೆ, ಆಮೇಲೆ ಭಾಷಣ. ಅತಿಥಿ ಬಂದಿಲ್ಲವೆಂದರೆ ವಿಭಾಗದ ಮುಖ್ಯಸ್ಥರು ಕೊಡಲಿ. ಪಾಠ ಹೇಳಿದವರ ಕೈಯಿಂದ ತೆಗೆದುಕೊಂಡರೆ ಯಾರಿಗೂ ಬೇಜಾರಿಲ್ಲ.

ಈಗ ಹೆಸರಿನ ವಿಷಯ. 150 ಜನರ ಬ್ಯಾಚಿಗೆ ತಲಾ 20 ಸೆಕೆಂಡ್ ಹಿಡಿದರೆ 50 ನಿಮಿಷ. 30 ಸೆಕೆಂಡ್ ಆದರೆ 75 ನಿಮಿಷ. ಆ ಹತ್ತು ಸೆಕೆಂಡ್ ಎಲ್ಲಿ ಹೋಗುತ್ತದೆ ಎಂದು ನಿಂತು ನೋಡಿದರೆ ತಿಳಿಯುತ್ತದೆ: ಹೆಸರಿಗೆ ತಕ್ಕ ಫೋಲ್ಡರ್ ಹುಡುಕುವುದರಲ್ಲಿ, 'ಯಾವ ಊರಮ್ಮ?' ಎಂದು ಅತಿಥಿ ಕೇಳುವುದರಲ್ಲಿ, ಕ್ಯಾಮೆರಾ ಎಲ್ಲಿದೆ ಎಂದು ತಡಕಾಡುವುದರಲ್ಲಿ, ಕಾಲಿಗೆ ಬಿದ್ದು ಟೋಪಿ ಉದುರಿಸಿಕೊಳ್ಳುವುದರಲ್ಲಿ. ಮೊದಲನೆಯದಕ್ಕೆ ಮದ್ದು ಸುಲಭ. ಫೋಲ್ಡರ್ ಖಾಲಿ ಇರಲಿ, ಅಥವಾ ಎಲ್ಲದರಲ್ಲೂ ಒಂದೇ ಶುಭಾಶಯ ಪತ್ರ ಇರಲಿ. ಅಸಲಿ ಪ್ರಮಾಣಪತ್ರವನ್ನು ಆಮೇಲೆ ಕಚೇರಿಯ ಮೇಜಿನಲ್ಲಿ ಸಹಿ ಹಾಕಿಸಿಕೊಂಡು ಕೊಡಬೇಕು. ವೇದಿಕೆಯ ಮೇಲೆ ಅಸಲಿ ಕೊಡಲು ಹೋದರೆ ಒಬ್ಬನದು ಇನ್ನೊಬ್ಬನ ಕೈಗೆ ಹೋಗಿ, ಅದೃಷ್ಟ ಕೆಟ್ಟರೆ ಒಂದು ರಾಯಚೂರಿನ ಬಸ್ಸು ಹತ್ತಿಬಿಡುತ್ತದೆ.

ಇನ್ನು ಪಟ್ಟಿ ನೋಡಿ ಹೆಸರು ಕೂಗುವುದು. ಎಲ್ಲ ಎಡವಟ್ಟಿನ ಮೂಲ ಇದೇ. ಪಟ್ಟಿಯಲ್ಲಿ 43ನೆಯವರು ಬಂದಿಲ್ಲ ಎಂದಿಟ್ಟುಕೊಳ್ಳಿ. ಸಾಲಿನಲ್ಲಿ ನಿಂತ 44ನೆಯವರು ಮೆಟ್ಟಿಲು ಹತ್ತುತ್ತಾರೆ, ಮೈಕಿನಲ್ಲಿ 43ರ ಹೆಸರು ಬರುತ್ತದೆ. ಅಲ್ಲಿಂದ ಮುಂದೆ ಎಲ್ಲರಿಗೂ ಹಿಂದಿನವರ ಹೆಸರು. ಯಾರಾದರೂ ವೇದಿಕೆಯ ಮೇಲೆಯೇ 'ಸರ್, ನಾನಲ್ಲ' ಎನ್ನುವವರೆಗೆ ಅದು ಹಾಗೇ ಸಾಗುತ್ತದೆ. ಅಷ್ಟರಲ್ಲಿ ನಾಲ್ಕು ಮನೆಯವರು ಮೊಬೈಲಿನಲ್ಲಿ ತಮ್ಮ ಮಗುವಿಗೆ ಬೇರೆ ಹೆಸರಿರುವ ವಿಡಿಯೊ ಮಾಡಿಕೊಂಡಿರುತ್ತಾರೆ. ಆದ್ದರಿಂದ ಪಟ್ಟಿ ಬೇಡ, ಚೀಟಿ ಬೇಕು. ಪೋಸ್ಟ್ ಕಾರ್ಡಿನ ಅಳತೆಯ ದಪ್ಪ ಕಾಗದ. ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಹೆಸರು, ಕೆಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ ಇಂಗ್ಲಿಷಿನಲ್ಲಿ, ಅದರ ಕೆಳಗೆ ಊರು. ಚೀಟಿ ಆಯಾ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು. ಮೆಟ್ಟಿಲ ಬಳಿ ನಿಂತವರು ಅದನ್ನು ಇಸಿದುಕೊಂಡು ಓದುವವರಿಗೆ ದಾಟಿಸುತ್ತಾರೆ. ಯಾರು ಬಂದರು, ಯಾರು ಬಿಟ್ಟರು ಎಂಬ ತಲೆನೋವೇ ಇಲ್ಲ. ಚೀಟಿ ಕೈಗೆ ಬಂದರೆ ಮನುಷ್ಯ ಬಂದಿದ್ದಾನೆ ಎಂದೇ ಅರ್ಥ.

ಊರನ್ನೂ ಓದಿ. 'ಮಸ್ಕಿ' ಎಂದೊಡನೆ ಹಿಂದಿನ ಸಾಲಿನಲ್ಲಿ ಏಳುವ ಸಿಳ್ಳೆಯನ್ನು ನಿಲ್ಲಿಸಲು ಹೋಗಬೇಡಿ. ಚಪ್ಪಾಳೆ ಕೊನೆಯಲ್ಲಿ ಹೊಡೆಯಿರಿ ಎಂಬ ಸೂಚನೆ ನಮ್ಮ ಕಡೆ ಯಾರೂ ಪಾಲಿಸಿದ್ದಿಲ್ಲ, ಪಾಲಿಸಬೇಕಾದದ್ದೂ ಇಲ್ಲ.

ಓದುವವರು ಇಬ್ಬರಿರಲಿ, ಒಬ್ಬರು ಬಿಟ್ಟು ಒಬ್ಬರು. ಒಬ್ಬರೇ 150 ಹೆಸರು ಓದಿದರೆ ನೂರರ ಹೊತ್ತಿಗೆ ಗಂಟಲು ಒಣಗಿ ಹೆಸರುಗಳೆಲ್ಲ ಒಂದೇ ರಾಗಕ್ಕೆ ಇಳಿಯುತ್ತವೆ. ಓದುವವರು ಈ ಭಾಗದವರೇ ಆಗಿರಬೇಕು ಎನ್ನುವುದಕ್ಕೆ ಕಾರಣವಿದೆ. ಹುಲಿಗಿಯ ಅಮ್ಮನ ಹೆಸರಿನ ಹುಲಿಗೆಮ್ಮ, ಚೇಳ್ಳಗುರ್ಕಿ ತಾತನ ಹೆಸರಿನ ಎರ್ರಿಸ್ವಾಮಿ, ಕೊಪ್ಪಳದ ಗವಿಸಿದ್ದಪ್ಪ, ಕೊಟ್ಟೂರಿನ ಕೊಟ್ರೇಶ, ಹುಸೇನಬಾಷಾ, ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಮೊದಲ ಸಲ ನೋಡಿದವರು ಒಂದಲ್ಲ ಒಂದು ಕಡೆ ಮುಗ್ಗರಿಸುತ್ತಾರೆ. ಹಿಂದಿನ ದಿನ ಪ್ರತಿಯೊಬ್ಬರ ಬಾಯಿಂದಲೇ ಹೆಸರು ಹೇಳಿಸಿ, ಚೀಟಿಯ ಕನ್ನಡ ರೂಪ ತಿದ್ದಿಕೊಳ್ಳಬೇಕು. ಮುಂದಿನ ಹೆಸರು ಕೂಗಬೇಕಾದದ್ದು ಹಿಂದಿನವರ ಕೈಗೆ ಫೋಲ್ಡರ್ ಸೇರಿದ ಗಳಿಗೆಯಲ್ಲಿ. ಅವರು ಫೋಟೊ ತೆಗೆಸಿಕೊಂಡು ಇಳಿಯುವವರೆಗೆ ಕಾದರೆ ಆ 75 ನಿಮಿಷ 90 ಆಗುತ್ತದೆ. ಎಡಗೈಯಲ್ಲಿ ತೆಗೆದುಕೊಂಡು ಬಲಗೈ ಕುಲುಕಬೇಕು ಎಂಬ ರೂಢಿಯನ್ನು ರಿಹರ್ಸಲ್‌ನಲ್ಲಿ ಎಷ್ಟು ಹೇಳಿಕೊಟ್ಟರೂ ವೇದಿಕೆಯ ಮೇಲೆ ಕೈ ತಡಬಡಿಸುತ್ತದೆ. ಎಡಗೈ ಚಾಚುವುದೇ ನಮಗೆ ಒಗ್ಗದು. ಎರಡೂ ಕೈಯಲ್ಲಿ ತೆಗೆದುಕೊಂಡು, ಕ್ಯಾಮೆರಾ ಕಡೆ ತಿರುಗಿ, ತಲೆಬಾಗಿ ಇಳಿದರೆ ಮುಗಿಯಿತು.

ಗೌನಿನ ಕಥೆ ಬೇರೆ. ಬಾಡಿಗೆ ಗೌನು ಗಂಟು ಕಟ್ಟಿಕೊಂಡು ಬರುತ್ತದೆ, ಬರುವಾಗಲೇ ಮುದ್ದೆಯಾಗಿರುತ್ತದೆ. ಹಿಂದಿನ ರಾತ್ರಿಯೇ ಹ್ಯಾಂಗರಿಗೆ ಹಾಕಿ. ಇಸ್ತ್ರಿ ಮಾಡುವುದಾದರೆ ಒಳಮಗ್ಗುಲಿನಿಂದ, ಕಡಿಮೆ ಬಿಸಿಯಲ್ಲಿ. ಪಾಲಿಯೆಸ್ಟರಿನ ಮೇಲುಮಗ್ಗುಲಿಗೆ ಬಿಸಿ ತಾಗಿದರೆ ಅಲ್ಲಲ್ಲಿ ಹೊಳಪು ಹತ್ತಿ, ಫೋಟೊದಲ್ಲಿ ಒದ್ದೆಯಾದಂತೆ ಕಾಣುತ್ತದೆ. ಕೊರಳಿಂದ ಬೆನ್ನಿಗೆ ಇಳಿಬಿಡುವ ಹುಡ್ ಹಾಕಿಕೊಂಡ ಹತ್ತು ನಿಮಿಷಕ್ಕೆ ಗಂಟಲು ಬಿಗಿಯುವುದು ಎಲ್ಲರ ದೂರು. ಅದರ ಭಾರವೆಲ್ಲ ಬೆನ್ನ ಕಡೆಗಿದೆ, ಹಿಂದಕ್ಕೆ ಎಳೆಯುತ್ತದೆ. ಮುಂದಿನ ಚಿಕ್ಕ ಕುಣಿಕೆ ಇರುವುದು ಅಂಗಿಯ ಗುಂಡಿಗೆ ಸಿಕ್ಕಿಸಲೆಂದು. ಸೀರೆ, ಕುರ್ತಾಕ್ಕೆ ಗುಂಡಿ ಇರುವುದಿಲ್ಲವಲ್ಲ, ಅವರು ಎರಡೂ ಭುಜದ ಬಳಿ ಒಳಗಿನಿಂದ ಒಂದೊಂದು ಪಿನ್ನು ಹಾಕಿಕೊಂಡರೆ ಜಾರುವುದಿಲ್ಲ. ಹೆರಳಿಗೆ ಮಲ್ಲಿಗೆ ದಂಡೆ ಇದ್ದರೆ ಟೋಪಿ ಹಿಂದಕ್ಕೆ ವಾಲುತ್ತದೆ. ದಂಡೆಯನ್ನು ಕೆಳಗಿಳಿಸಿ, ಟೋಪಿಯ ಒಳಪಟ್ಟಿಗೆ ಎರಡು ಕಡೆ ಕ್ಲಿಪ್ಪು ಸಿಕ್ಕಿಸಬೇಕು. ಟೋಪಿಯ ಹಲಗೆ ನೆಲಕ್ಕೆ ಸಮನಾಗಿರಬೇಕು, ಅಂಚು ಹುಬ್ಬಿಗಿಂತ ಎರಡು ಬೆರಳು ಮೇಲೆ. ಕೊನೆಗೆ ಎಲ್ಲರೂ ಟೋಪಿ ಮೇಲಕ್ಕೆ ತೂರುತ್ತಾರೆ. ಅದರ ನಾಲ್ಕು ಮೂಲೆಗಳೂ ಗಟ್ಟಿ, ಕಣ್ಣಿಗೆ ಬಡಿದರೆ ಪೆಟ್ಟು ಸಣ್ಣದಲ್ಲ. ಕಣ್ಣಿನ ವಿಭಾಗದವರು ಅದೇ ಸಾಲಿನಲ್ಲಿ ಕೂತಿರುತ್ತಾರೆ ಎಂಬುದೊಂದೇ ಸಮಾಧಾನ. ಘಟಿಕೋತ್ಸವಕ್ಕೆ ಕೈಮಗ್ಗದ ಉಡುಪು ಬಳಸಿ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯು.ಜಿ.ಸಿ.) 2019ರಲ್ಲೇ ಹೇಳಿದೆ. ಸಂಡೂರಿನ ಲಂಬಾಣಿ ಕಸೂತಿ ಅಂಚಿನ ಹತ್ತಿ ಶಲ್ಯ ಹೊದಿಸಿದರೆ ಸೆಕೆಯೂ ತಪ್ಪುತ್ತದೆ, ಊರಿನ ಕೆಲಸವೂ ಆಗುತ್ತದೆ. ಅತಿಥಿಗಳಿಗೆ ಅಕ್ರಿಲಿಕ್ ಫಲಕ ಕೊಡುವ ಬದಲು ಕಿನ್ನಾಳದ ಬಣ್ಣದ ಗೊಂಬೆ ಕೊಡಿ. ಹಗುರ ಮರದ್ದು, ಒಯ್ಯಲೂ ಸಲೀಸು. ಮುಂಚಿತವಾಗಿ ಹೇಳಿಡಬೇಕು, ಅದು ಕೈಕೆಲಸ.

ದೀಪ ಹಚ್ಚುವಾಗ ನೋಡಿಕೊಳ್ಳಬೇಕಾದದ್ದು ಗೌನಿನ ತೋಳು. ಅಗಲ ತೋಳಿನ ಪಾಲಿಯೆಸ್ಟರ್ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಎಡಗೈಯಲ್ಲಿ ತೋಳು ಹಿಡಿದುಕೊಂಡೇ ಬಲಗೈ ಚಾಚಬೇಕು. ಬತ್ತಿಗಳನ್ನು ಮೊದಲೇ ಎಣ್ಣೆಯಲ್ಲಿ ನೆನೆಸಿ, ತುದಿಗೆ ಚಿಟಿಕೆ ಕರ್ಪೂರ ಒತ್ತಿ, ವೇದಿಕೆಯ ಫ್ಯಾನು ಆರಿಸಿ. ಇಷ್ಟು ಮಾಡದಿದ್ದರೆ ಐವರು ಗಣ್ಯರು ಒಂದು ಬತ್ತಿಯ ಸುತ್ತ ಬೆಂಕಿಪೊಟ್ಟಣ ಹಿಡಿದು ನಿಂತಿರುತ್ತಾರೆ. ನರ್ಸಿಂಗ್‌ನವರ ದೀಪದಾನ ಇನ್ನೂ ಸೂಕ್ಷ್ಮ: ಕತ್ತಲು, ಸಾಲು, ಕೈಕೈಯಲ್ಲಿ ಮೇಣದ ಬತ್ತಿ. ಮುಂದಿನವರ ಬೆನ್ನಿಗೂ ಹಿಂದಿನವರ ಜ್ವಾಲೆಗೂ ನಡುವೆ ಕನಿಷ್ಠ ಮೂರಡಿ ಅಂತರವಿರಬೇಕು, ಸೆರಗು-ದುಪಟ್ಟಾಕ್ಕೆ ಪಿನ್ನು ಹಾಕಿರಬೇಕು. ಅಲ್ಲಿ ಹೇಳುವ ನೈಟಿಂಗೇಲ್ ಪ್ರತಿಜ್ಞೆಯನ್ನು ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಗಾರರು ರಚಿಸಿ, ಗೌರವಕ್ಕೆ ಆಕೆಯ ಹೆಸರಿಟ್ಟರು.

ವೈದ್ಯರ ಪ್ರತಿಜ್ಞೆಗೆ ಹಿಪ್ಪೊಕ್ರೇಟಸ್ ಹೆಸರು ಅಂಟಿಕೊಂಡಿದೆಯಾದರೂ, ಈಗಿನ ಕಾಲಕ್ಕೆ ಹೊಂದುವುದು ವಿಶ್ವ ವೈದ್ಯಕೀಯ ಸಂಘದ 1948ರ ಜಿನೀವಾ ಘೋಷಣೆ. 2017ರ ಪರಿಷ್ಕರಣೆಯಲ್ಲಿ ವೈದ್ಯ ತನ್ನ ಆರೋಗ್ಯವನ್ನೂ ನೋಡಿಕೊಳ್ಳಬೇಕೆಂಬ ಮಾತು ಸೇರಿದೆ, ಸತತ ಡ್ಯೂಟಿ ಮಾಡಿದ ಇಂಟರ್ನಿಗಳು ಅದನ್ನು ಗಟ್ಟಿಯಾಗಿಯೇ ಹೇಳುತ್ತಾರೆ. ಹಿಪ್ಪೊಕ್ರೇಟಸ್ ಪ್ರತಿಜ್ಞೆಯ ಬದಲು ಆಯುರ್ವೇದದ ಚರಕ ಸಂಹಿತೆಯ ಚರಕ ಶಪಥ ಹೇಳಿಸಬೇಕೇ ಎಂದು 2022ರಲ್ಲಿ ವಾದವಿವಾದ ಆಯಿತು. ಯಾವುದೇ ಆಗಲಿ, ಹೇಳುವವರಿಗೂ ಕೇಳುವವರಿಗೂ ತಿಳಿಯಬೇಕು. ಆದ್ದರಿಂದ ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಹೇಳಿಸಿ. 'ನನ್ನನ್ನು ನಂಬಿ ಹೇಳಿದ ಗುಟ್ಟನ್ನು / ರೋಗಿ ತೀರಿಕೊಂಡ ಮೇಲೂ / ಬಿಟ್ಟುಕೊಡುವುದಿಲ್ಲ', ಹೀಗೆ ಮೂರು-ನಾಲ್ಕು ಪದಕ್ಕೊಂದು ನಿಲುಗಡೆ ಬೇಕು. ಇಡೀ ವಾಕ್ಯ ಒಂದೇ ಉಸಿರಿಗೆ ಹೇಳಿಕೊಟ್ಟರೆ ಹಿಂದಿನಿಂದ ಬರುವುದು ಗೊಣಗಾಟ ಮಾತ್ರ.

ಪ್ರತಿಜ್ಞೆಯ ಹೊತ್ತಿಗೇ ಯಾರಾದರೂ ಕುಸಿಯುವುದುಂಟು. ಬೆಳಿಗ್ಗೆ ತಿಂಡಿ ಬಿಟ್ಟಿರುತ್ತಾರೆ, ಗೌನಿನೊಳಗೆ ಬೆವರು, ಮೊಣಕಾಲು ಬಿಗಿಹಿಡಿದು ನಿಂತದ್ದರಿಂದ ರಕ್ತ ಕಾಲಿನಲ್ಲೇ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಏಳುತ್ತಾರೆ. ಕಷ್ಟವೆಂದರೆ ಆ ಸಭೆಯಲ್ಲಿ ಎಲ್ಲರೂ ಡಾಕ್ಟರು, ಎಲ್ಲರೂ ಓಡಿಬಂದು ಗಾಳಿಯಾಡದಂತೆ ಮುತ್ತಿಕೊಳ್ಳುತ್ತಾರೆ. ಇಬ್ಬರನ್ನು ಮೊದಲೇ ಗೊತ್ತು ಮಾಡಿ, ಉಳಿದವರು ಕೂತಲ್ಲೇ ಕೂರಲಿ. ಗೌನು ಹಾಕಿಕೊಳ್ಳುವುದು ಮೆರವಣಿಗೆಗೆ ಹದಿನೈದು ನಿಮಿಷ ಮುಂಚೆ ಸಾಕು.

ಕರೆಂಟಿನದು ಎರಡೇ ಮಾತು. ಶಕ್ತಿನಗರ, ಕುಡಿತಿನಿಯ ಉಷ್ಣ ಸ್ಥಾವರಗಳು ಪಕ್ಕದಲ್ಲೇ ಇದ್ದರೂ ಕರೆಂಟು ನಮ್ಮನ್ನು ವಿಶೇಷವಾಗಿ ಕಂಡದ್ದಿಲ್ಲ. ಜನರೇಟರ್ ಹಿಡಿಯುವುದಕ್ಕೆ ಕೆಲವೇ ಸೆಕೆಂಡ್, ಆದರೆ ಡಿಜಿಟಲ್ ಮಿಕ್ಸರ್, ಎಲ್‌ಇಡಿ ಪರದೆ ಮತ್ತೆ ಏಳಲು ನಿಮಿಷಗಳೇ ಬೇಕು, ಅವೆರಡಕ್ಕೆ ಯು.ಪಿ.ಎಸ್. ಇರಲಿ. ಕಾರ್ಡ್‌ಲೆಸ್ ಮೈಕಿನ ಸೆಲ್ಲನ್ನು ಹೆಸರು ಕೂಗುವ ಮುಂಚೆ ಬದಲಿಸಿ.

ಊಟಕ್ಕೆ ತಲಾ ಮೂವರು ಮನೆಯವರೆಂದು ಹಿಡಿದರೆ 150 ವಿದ್ಯಾರ್ಥಿಗಳೂ ಸೇರಿ 600 ಎಲೆ, ಸಿಬ್ಬಂದಿ ಬೇರೆ. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹೋಳಿಗೆ, ಅನ್ನ-ಸಾರು. ಖೋವಾದ ಸಿಹಿ ಆ ಬಿಸಿಲಿಗೆ ಬೇಡವೇ ಬೇಡ. ವಯಸ್ಸಾದವರಿಗೆ ತಟ್ಟೆ ಹಿಡಿದು ನಿಲ್ಲುವ ಬಫೆ ಆಗಿಬರುವುದಿಲ್ಲ, ಅರ್ಧ ಜಾಗದಲ್ಲಾದರೂ ಪಂಕ್ತಿ ಹಾಕಿ.

ಗೌನು ವಾಪಸು ಪಡೆಯುವ ಮೇಜನ್ನು ಊಟದ ಹಾಲಿನ ಬಾಗಿಲಿಗಿಂತ ಮುಂಚೆ ಇಡಬೇಕು, ಎಣ್ಣೆಗಾಯಿಯ ಎಣ್ಣೆ ಪಾಲಿಯೆಸ್ಟರಿಗೆ ಹತ್ತಿದರೆ ಡಿಪಾಸಿಟ್ ಹೋದಂತೆಯೇ. ಆದರೆ ಅಪ್ಪ-ಅವ್ವನ ತಲೆಗೆ ಟೋಪಿ ಇಟ್ಟು ಫೋಟೊ ತೆಗೆಸುವುದಕ್ಕೆ ಅರ್ಧ ಗಂಟೆ ಬಿಡಿ, ಅದಕ್ಕೆ ಯಾರೂ ಗದರಬಾರದು. ಗೌನು, ಹುಡ್, ಟೋಪಿ, ಗೊಂಡೆ ನಾಲ್ಕನ್ನೂ ಬೇರೆ ಬೇರೆ ಎಣಿಸಿ. ಕಡಿಮೆ ಬೀಳುವುದು ಗೊಂಡೆಯೇ. ಅದರ ಪಕ್ಕದ ಮೇಜಿನಲ್ಲಿ ಕಚೇರಿಯವರು ಕೂರಲಿ: ಇಂಟರ್ನ್‌ಶಿಪ್ ಮುಗಿಸಿದ ಪತ್ರ, ಲೈಬ್ರರಿ-ಹಾಸ್ಟೆಲ್-ಮೆಸ್ಸಿನ ಬಾಕಿ ಇಲ್ಲದ ಪತ್ರ, ತಾತ್ಕಾಲಿಕ ಪದವಿ ಪತ್ರ. ಹೆಸರಿನ ಒಂದೊಂದು ಅಕ್ಷರವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕದಲ್ಲಿಟ್ಟು ಅಲ್ಲೇ ನೋಡಿಕೊಳ್ಳಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿಗೆ ಹೋದಾಗ ಒಂದು ಅಕ್ಷರ ಹೆಚ್ಚುಕಮ್ಮಿ ಕಂಡರೆ ಅಫಿಡವಿಟ್ಟು, ನೋಟರಿ, ಮತ್ತೆ ಬೆಂಗಳೂರಿನ ಓಡಾಟ. ತಪ್ಪು ಆ ಮೇಜಿನ ಮುಂದೆಯೇ ಸಿಕ್ಕಿದರೆ ಅರ್ಜಿ ಅಲ್ಲೇ ಬರೆದುಕೊಟ್ಟು ಊಟಕ್ಕೆ ಹೋಗಬಹುದು.