ಎಲ್ಲಾ ಇದ್ದಾಂಗೇ ಇರ್ಬೇಕು

ನಮ್ಮ ಕಾಕಾ ಅವರದು ಕಲಬುರಗಿಯ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ. ತೊಗರಿ ಸುಗ್ಗಿಯಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಹೋದ ಸುಗ್ಗಿಯಲ್ಲಿ ಅಫಜಲಪುರ ಕಡೆಯ ರೈತರೊಬ್ಬರು ಮಾರಾಟದ ಲೆಕ್ಕದ ಪಟ್ಟಿಗಾಗಿ ಕಾದು ಕಾದು ಬಸ್ ತಪ್ಪಿಸಿಕೊಂಡರು. ಲ್ಯಾಪ್‌ಟಾಪ್ ಆನ್ ಆಗಿ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ತೆರೆಯಲು ಏಳೆಂಟು ನಿಮಿಷ ಹಿಡಿಯುತ್ತಿತ್ತು. ಆ ಮಾತು ಕಾಕಾ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಮೇ ತಿಂಗಳಲ್ಲಿ ಗಂಜ್ ಸ್ವಲ್ಪ ತಣ್ಣಗಿರುತ್ತದೆ, ವ್ಯಾಪಾರದ ಲೆಕ್ಕದಲ್ಲಿ ಮಾತ್ರ. ಬಿಸಿಲು 42 ಡಿಗ್ರಿ ದಾಟಿತ್ತು. ಲ್ಯಾಪ್‌ಟಾಪ್ ಮನೆಗೆ ತಂದು ಹಾರ್ಡ್ ಡಿಸ್ಕ್ ಪರೀಕ್ಷೆ ಮಾಡಿದೆ. ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ಎಚ್ಚರಿಕೆಯ ಹಳದಿ ಬಣ್ಣ ತೋರಿಸಿತು. ಡೇಟಾ ಇಡುವ ಕೆಲವು ಸೆಕ್ಟರ್ ಕೆಟ್ಟಿದ್ದವು. ಇನ್ನು ತಡ ಮಾಡುವ ಹಾಗಿರಲಿಲ್ಲ.

ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕು, ಅದೇ ಸುಲಭ ಎಂದು ಗೆಳೆಯರು ಹೇಳಿದರು. ನಿಜ, ಸುಲಭವೇ. ಆದರೆ ಕಾಕಾ ಅಂದದ್ದು ಬೇರೆ. “ತಮ್ಮಾ, ಜಲ್ದಿ ಆಗ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಎಲ್ಲಾ ಇದ್ದಾಂಗೇ ಇರ್ಬೇಕು ನೋಡು.”

ಅವರು ಕಂಪ್ಯೂಟರ್ ಕಲಿತದ್ದೇ ಐವತ್ತೇಳನೇ ವಯಸ್ಸಿಗೆ. ಅವರಿಗೆ ಡೆಸ್ಕ್‌ಟಾಪ್ ಅಂದರೆ ಅಂಗಡಿಯ ಕಪಾಟಿದ್ದ ಹಾಗೆ. ಎಡಗಡೆ ಮೂರನೇದು ‘ರೈತರ ಬಾಕಿ’, ಅದರ ಕೆಳಗೆ ‘ಹಮಾಲರ ಕೂಲಿ’. ಹಿಂದೆ ಕನ್ನಡ ತಂತ್ರಾಂಶ ‘ನುಡಿ’ಯಲ್ಲಿ ಟೈಪ್ ಮಾಡಿದ ಪತ್ರಗಳು ಬೇರೆ ಇವೆ. ಆ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಏನೇನೋ ಗುರುತು ಕಾಣುತ್ತವೆ. ಹೊಸ ವಿಂಡೋಸ್ ಹಾಕಿ ಕೊಟ್ಟರೆ ಅವರಿಗೆ ಬೇರೆಯವರ ಅಂಗಡಿಯಲ್ಲಿ ಕೂತಂತೆ ಆಗುತ್ತದೆ, ಅಲ್ವಾ? ಹಾಗಾಗಿ ಕ್ಲೋನ್ ಮಾಡುವುದೇ, ಅಂದರೆ ಹಳೆಯ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಹೊಸ ಡಿಸ್ಕಿಗೆ ನಕಲು ಮಾಡುವುದೇ ಸರಿ ಎನ್ನಿಸಿತು.

ಸೂಪರ್ ಮಾರ್ಕೆಟ್ ಕಡೆ ಹೋಗಿ 480 ಜಿಬಿಯ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್), ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಒಂದು ಯುಎಸ್‌ಬಿ ಕೇಬಲ್ ತಂದೆ. ಹಳೆಯ ಡಿಸ್ಕ್ 500 ಜಿಬಿ. ತುಂಬಿದ್ದು ಅರ್ಧಕ್ಕಿಂತ ಕಡಿಮೆ, ಆದ್ದರಿಂದ ತೊಂದರೆ ಇಲ್ಲ ಎಂದುಕೊಂಡೆ. ಆದರೆ ಕ್ಲೋನ್ ಮಾಡುವ ತಂತ್ರಾಂಶ ಕ್ಲೋನೆಜಿಲ್ಲಾ ಒಪ್ಪಲಿಲ್ಲ. ಅದು ನೋಡುವುದು ತುಂಬಿದ ಜಾಗವನ್ನಲ್ಲ, ಇಡೀ ಡಿಸ್ಕಿನ ಅಳತೆಯನ್ನು. ವಿಂಡೋಸ್‌ನಲ್ಲಿ ಹಳೆಯದು 465, ಹೊಸದು 447 ಜಿಬಿ ಎಂದು ಕಾಣುತ್ತದೆ. ಹಳೆಯ ಡಿಸ್ಕಿನ ಕೊನೆಯ ಭಾಗದಲ್ಲಿ ಇದ್ದದ್ದು ಡಿ ಡ್ರೈವ್. ಅದನ್ನು 25 ಜಿಬಿ ಕುಗ್ಗಿಸಿ, ಕ್ಲೋನೆಜಿಲ್ಲಾದಲ್ಲಿ ಅಳತೆ ಪರೀಕ್ಷೆ ಬಿಡುವ ಆಯ್ಕೆ ಹಾಕಿ ಮತ್ತೆ ಶುರು ಮಾಡಿದೆ. ಅದಕ್ಕೂ ಮೊದಲು ಟ್ಯಾಲಿ ಡೇಟಾ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಇದನ್ನು ಮಾಡದೆ ಯಾರೂ ಕ್ಲೋನ್‌ಗೆ ಕೈ ಹಾಕಬಾರದು.

ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು. ಬೇಸಿಗೆಯಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಇನ್ವರ್ಟರ್ ಸಾಲಿಗೆ ಪ್ಲಗ್ ಹಾಕಿ ಕೂತೆ. ಸಿ ಡ್ರೈವ್ ಮುಗಿಯಿತು. ಡಿ ಡ್ರೈವ್ ಅರ್ಧ ದಾರಿಯಲ್ಲಿ ನಿಂತಿತು, ಡಿಸ್ಕ್ ಓದಲು ಆಗುತ್ತಿಲ್ಲ ಎಂದು. ಕೆಟ್ಟ ಸೆಕ್ಟರ್! ಎದೆ ಧಸಕ್ಕೆಂದಿತು. ಓದಲಾಗದ ಜಾಗ ಬಿಟ್ಟು ಮುಂದೆ ಹೋಗು ಎನ್ನುವ ಆಯ್ಕೆ ಕ್ಲೋನೆಜಿಲ್ಲಾದಲ್ಲೇ ಇದೆ, ರೆಸ್ಕ್ಯೂ ಎಂದು. ಅದನ್ನು ಹಾಕಿ ಮೊದಲಿನಿಂದ ನಡೆಸಿದೆ. ಡಿಸ್ಕ್ ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳುತ್ತಾ ಮೂರು ತಾಸು ಕೂತಿದ್ದೆ. ಅವ್ವ ಎರಡು ಸಲ ಮಜ್ಜಿಗೆ ತಂದಿಟ್ಟಳು.

ಹಳೆಯದನ್ನು ಬಿಚ್ಚಿ ಎಸ್‌ಎಸ್‌ಡಿ ಕೂಡಿಸಿದೆ. ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಆಗುವ ಡಿಸ್ಕೇ ಇಲ್ಲ ಎಂದು. ರಾತ್ರಿ ಹನ್ನೊಂದಾಗಿತ್ತು. ಮತ್ತೆ ಬಿಚ್ಚಿ ನೋಡಿದಾಗ ತಿಳಿಯಿತು, ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಇದು 7. ಸಡಿಲವಾಗಿ ಕೂತು ಕನೆಕ್ಟರ್ ಪೂರ್ತಿ ಹೊಕ್ಕಿರಲಿಲ್ಲ. ಎಸ್‌ಎಸ್‌ಡಿ ಡಬ್ಬಿಯಲ್ಲೇ ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಇತ್ತು. ಅದನ್ನು ಅಂಟಿಸಿ ಒತ್ತಿ ಕೂಡಿಸಿದೆ.

ಇಪ್ಪತ್ತು ಸೆಕೆಂಡಿನಲ್ಲಿ ಡೆಸ್ಕ್‌ಟಾಪ್ ಬಂತು. ಹಿಂದೆ ಅಜ್ಜನ ಫೋಟೊ, ಎಡಗಡೆ ಮೂರನೇದು ‘ರೈತರ ಬಾಕಿ’. ನಾನು ಸುಮ್ನೆ ನೋಡುತ್ತಾ ಕೂತೆ.

ಮರುದಿನ ಕಾಕಾ ಕೇಳಿದರು, ಇಷ್ಟು ಜಲ್ದಿ ಹೆಂಗ ಆಯ್ತು ಎಂದು. ಹಳೆಯ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ಹೊಡೆಯುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ತುಣುಕು ಕೆಳಗೆ ಬರುವವರೆಗೆ ಅದನ್ನು ಓದುವ ಮುಳ್ಳು ಕಾಯಬೇಕು. ವಿಂಡೋಸ್ ಏಳುವಾಗ ಇಂಥ ಸಾವಿರಾರು ಚಿಕ್ಕ ಚಿಕ್ಕ ತುಣುಕು ಓದಬೇಕು, ಪ್ರತಿ ಸಲ ಈ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ಹೀಗೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನುಡಿಯ ಪತ್ರ ಒಂದೊಂದೇ ತೆರೆದು ನೋಡಿದರು. ಕಳೆದುಹೋದದ್ದು ಒಂದೇ, ತಂಗಿಯ ಮದುವೆಯ ಒಂದು ವಿಡಿಯೊ ನಡುವೆ ನಿಲ್ಲುತ್ತದೆ. ಅದನ್ನು ಮುಚ್ಚಿಡದೆ ಹೇಳಿದೆ. “ಇರ್ಲಿ ಬಿಡು, ಅಕಿ ಮನ್ಯಾಗ ಇನ್ನೊಂದು ಇರ್ತದ” ಅಂದರು.

ಹಳೆಯ ಡಿಸ್ಕ್ ಅಳಿಸಬೇಡಿ, ಒಂದೆರಡು ತಿಂಗಳು ಇರಲಿ ಎಂದೆ. ಅವರು ಅದಕ್ಕೆ ಚೀಟಿ ಅಂಟಿಸಿ ತಾರೀಖು ಬರೆದರು. ಅಜ್ಜನ ಕಾಲದ ಖಾತೆ ವಹಿಗಳು ಇರುವ ಕಪಾಟು ತೆಗೆದು, ಕೆಂಪು ಬಟ್ಟೆಯ ಗಂಟಿನ ಪಕ್ಕಕ್ಕೆ ಇಟ್ಟರು.