ಚೊಗರಿನ ಬಣ್ಣ ಹಿಡಿಯೋಕೆ ಕೂತ ಒಂದು ಮಳೆ ದಿನ

ಚಿಕ್ಕಮ್ಮ ಆನ್‌ಲೈನ್‌ನಲ್ಲಿ ಮಾರಿದ ಚೀಲಗಳಲ್ಲಿ ವಾಪಸ್ ಬಂದ ನಾಲ್ಕನೇ ಪಾರ್ಸೆಲ್ ಅದು. ಚಿಕ್ಕಮ್ಮ ಜಗಲಿ ಮೇಲೆ ಕೂತು ಕತ್ತರಿಯಿಂದ ಟೇಪ್ ಬಿಡಿಸಿ ಚೀಲ ಹೊರಗೆ ತೆಗೆದ್ಲು, ಮಡಿಕೆ ಬಿಚ್ಚಿ ಎರಡೂ ಕಡೆ ತಿರುಗಿಸಿ ನೋಡಿದ್ಲು. ಎಲ್ಲೂ ಕಲೆ ಇಲ್ಲ, ಹೊಲಿಗೆ ಬಿಟ್ಟಿಲ್ಲ. ಆ್ಯಪ್‌ನಲ್ಲಿ ಕಾರಣ ಅಂತ ಬಂದಿದ್ದು ಒಂದೇ ಸಾಲು, ಫೋಟೋದಲ್ಲಿರೋ ಬಣ್ಣ ಬೇರೆ, ಬಂದಿರೋ ಚೀಲದ ಬಣ್ಣ ಬೇರೆ ಅಂತ. "ಬಣ್ಣ ಇದೇ ಅಲ್ದನೇ ಕೂಸೇ, ನಾನೇ ಅದ್ದಿ ತೆಗೆದಿದ್ದು" ಅಂದ್ಲು. ಆ ಮಾತು ಬಹಳ ಹೊತ್ತು ನನ್ನ ಮನಸ್ಸಿಂದ ಹೋಗ್ಲಿಲ್ಲ. ಯಾಕಂದ್ರೆ ಬಣ್ಣ ಹಾಕಿದ್ದು ಅವಳು, ಫೋಟೋ ತೆಗೆದಿದ್ದು ನಾನು.

ಚಿಕ್ಕಮ್ಮನ ಮನೆ ಸಾಗರದಿಂದ ಹೊಸನಗರ ಕಡೆ ಹೋಗೋ ದಾರಿಯಲ್ಲಿ ಒಳಗೆ, ಸುತ್ತ ಅಡಿಕೆ ತೋಟ. ಸುಗ್ಗಿ ಟೈಮಲ್ಲಿ ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸ್ತಾರಲ್ಲ, ಒಂದು ಒಬ್ಬೆ, ಅಂದ್ರೆ ಒಂದು ಸಲಕ್ಕೆ ಬೇಯಿಸೋವಷ್ಟು ಅಡಿಕೆ, ಆದ ಮೇಲೆ ಅದೇ ನೀರಿಗೆ ಇನ್ನೊಂದು ಒಬ್ಬೆ ಹಾಕ್ತಾ ಹಾಕ್ತಾ ಆ ನೀರು ಗಟ್ಟಿಯಾಗಿ ಕೆಂಪು ಕಂದು ಬಣ್ಣದ ಪಾಕದ ಥರ ಆಗುತ್ತೆ, ಅದೇ ಚೊಗರು. ಕೆಂಪಡಿಕೆಗೆ ಬಣ್ಣ, ಹೊಳಪು ಬರೋದೇ ಅದರಿಂದ. ಬಟ್ಟೆಗೂ ಆ ಬಣ್ಣ ಹಿಡಿಯುತ್ತೆ ಅನ್ನೋದು ನಮ್ಮ ಕಡೆ ಗೊತ್ತಿರೋ ವಿಷಯವೇ, ಹೆಗ್ಗೋಡಿನ ಚರಕ ಅನ್ನೋ ಕೈಮಗ್ಗ ಸಂಘದವರು ಎಷ್ಟೋ ವರ್ಷದಿಂದ ಇಂಥ ಬಣ್ಣದಲ್ಲಿ ಕೈಮಗ್ಗದ ಬಟ್ಟೆ ಮಾಡ್ತಾ ಬಂದಿದ್ದಾರೆ. ಚಿಕ್ಕಮ್ಮ ಮಾಡೋದು ಸಣ್ಣ ಮಟ್ಟದಲ್ಲಿ, ಹೆಗಲಿಗೆ ಹಾಕೋ ಹತ್ತಿಬಟ್ಟೆ ಚೀಲ. ಬಟ್ಟೆನ ಮೊದಲು ಪಟಿಕದ ನೀರಲ್ಲಿ ಅದ್ದಿ, ಆಮೇಲೆ ಬಿಸಿ ಚೊಗರಿನಲ್ಲಿ. ಹಾಗೇ ಬಿಟ್ರೆ ಬೇಯಿಸಿದ ಅಡಿಕೆ ಬಣ್ಣ. ಸುಣ್ಣದ ತಿಳಿಯಲ್ಲಿ ಒಮ್ಮೆ ಮುಳುಗಿಸಿದ್ರೆ ಕೆಂಪಿಗೆ ತಿರುಗುತ್ತೆ, ಎಲೆ ಅಡಿಕೆ ಹಾಕಿದಾಗ ಸುಣ್ಣ ಸೇರಿ ಬಾಯಿ ಕೆಂಪಾಗೋ ಹಾಗೇ ಇದು ಕೂಡ. ಅನ್ನಭೇದಿ (ಕಬ್ಬಿಣದ ಒಂದು ಲವಣ) ನೀರಿಗೆ ಹಾಕಿದ್ರೆ ಕಣ್ಣೆದುರಲ್ಲೇ ಕಪ್ಪಾಗ್ತಾ ಹೋಗುತ್ತೆ. ಒಂದೇ ಹಂಡೆ, ಮೂರು ಬಣ್ಣ.

ಮೊದಲ ಸಲ ನಾನು ಫೋಟೋ ತೆಗೆದಿದ್ದು ಸಂಜೆ ಹೊತ್ತು, ದೇವರ ಕೋಣೆಯ ಹಳದಿ ಬಲ್ಬಿನ ಬೆಳಕಲ್ಲಿ, ಪಕ್ಕದಲ್ಲಿ ಹಿತ್ತಾಳೆ ದೀಪ, ಕೆಳಗೆ ಬಾಳೆಎಲೆ, ಮೇಲಿಂದ ಫೋನ್‌ನಲ್ಲಿರೋ ಫಿಲ್ಟರ್. ನೋಡೋಕೆ ಚಂದವೇ ಇತ್ತು. ಆದ್ರೆ ಅಡಿಕೆ ಬಣ್ಣದ ಚೀಲ ಆ ಬೆಳಕಿಗೆ ಕೇಸರಿ ಆಗಿತ್ತು, ಕೆಂಪು ಚೀಲ ಕುಂಕುಮ ಆಗಿತ್ತು. ದೀಪ, ಎಲೆ ಇದ್ದ ಫೋಟೋನ ಮುಖ್ಯ ಫೋಟೋ ಅಂತ ನಾವು ಚೀಲ ಮಾರೋ ಸೈಟ್ ತಗೊಳ್ಳಲೇ ಇಲ್ಲ, ಆಗ ನಾನು ಎಲೆ, ದೀಪ ಅಷ್ಟನ್ನೇ ಕತ್ತರಿಸಿ ಮತ್ತೆ ಹಾಕಿದ್ದೆ, ಬಣ್ಣದ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಕೇಸರಿ ಬಣ್ಣ ನೋಡಿ ದುಡ್ಡು ಕೊಟ್ಟವರಿಗೆ ಅಡಿಕೆ ಬಣ್ಣ ಬಂದ್ರೆ ಅವರು ವಾಪಸ್ ಕಳಿಸಿದ್ದು ಸರಿಯೇ. ಹೋಗಿದ್ದು ಹನ್ನೊಂದು ಚೀಲ, ಅದರಲ್ಲಿ ನಾಲ್ಕು ವಾಪಸ್, ಬರೋ ಹೋಗೋ ಕೊರಿಯರ್ ಖರ್ಚು ಚಿಕ್ಕಮ್ಮನ ತಲೆ ಮೇಲೆ.

ಹಾಗಾಗಿ ಜುಲೈನಲ್ಲಿ ಒಂದು ಭಾನುವಾರ ಶಿವಮೊಗ್ಗದಿಂದ ಬೆಳಿಗ್ಗೆ ಬಸ್ಸಿಗೇ ಹೊರಟೆ, ಎಲ್ಲಾ ಫೋಟೋನೂ ಹೊಸದಾಗಿ ತೆಗೆಯೋದು ಅಂತ. ಸಾಗರ ಪೇಟೆಯಲ್ಲಿ ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ನಾಲ್ಕು ತಗೊಂಡೆ. ಮನೆ ಮುಟ್ಟೋ ಹೊತ್ತಿಗೆ ಮಳೆ ಹೊಡೀತಿತ್ತು, ಕರೆಂಟ್ ಹೋಗಿ ಆಗ್ಲೇ ಎರಡು ದಿನ. "ಈ ಕತ್ತಲೆಯಲ್ಲಿ ಎಂಥ ಫೋಟೋನೇ, ಬಿಸಿಲು ಬಂದಾಗ ಬಂದಿದ್ರೆ ಆಗ್ತಿತ್ತು" ಅಂತ ಚಿಕ್ಕಪ್ಪ. ನಿಜ ಹೇಳ್ಬೇಕಂದ್ರೆ ಬಟ್ಟೆ ಫೋಟೋಗೆ ಬಿಸಿಲಿಗಿಂತ ಮೋಡವೇ ಒಳ್ಳೇದು. ಬಿಸಿಲಲ್ಲಿ ಒಂದು ಕಡೆ ಸುಟ್ಟ ಹಾಗೆ ಬೆಳ್ಳಗೆ, ಇನ್ನೊಂದು ಕಡೆ ಗಟ್ಟಿ ಕಪ್ಪು ನೆರಳು ಬೀಳುತ್ತೆ. ಮೋಡ ಅಂದ್ರೆ ಸೂರ್ಯನಿಗೆ ಅಡ್ಡ ಬಿಳಿ ಪಂಚೆ ಕಟ್ಟಿದ ಹಾಗೆ, ಬೆಳಕು ಎಲ್ಲಾ ಕಡೆಯಿಂದ ಮೆತ್ತಗೆ ಬರುತ್ತೆ, ನೂಲಿನ ಎಳೆ ಎಳೆ ಕಾಣುತ್ತೆ. ಕರೆಂಟ್ ಇಲ್ಲದ್ದೂ ಒಳ್ಳೇದೇ ಆಯ್ತು, ಟ್ಯೂಬ್‌ಲೈಟಿನ ಬೆಳಕು ಕಿಟಕಿ ಬೆಳಕಿನ ಜೊತೆ ಬೆರೆತ್ರೆ ಚೀಲದ ಒಂದು ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಇನ್ನೊಂದು ಬಣ್ಣ ಬರುತ್ತೆ, ಆಮೇಲೆ ಅದನ್ನ ಸರಿ ಮಾಡೋಕೆ ಯಾವ ಆ್ಯಪ್‌ನಲ್ಲೂ ಸುಲಭ ಇಲ್ಲ.

ಮೊದಲು ಜಗಲಿಯಲ್ಲೇ ಶುರು ಮಾಡಿದ್ವಿ. ಗೋಡೆಗೆ ಶೀಟಿನ ಮೇಲಿನ ತುದಿ ಅಂಟಿಸಿ, ಮಡಿಸದೆ ಕೆಳಗೆ ಬಾಗಿಸಿ ಬಿಟ್ರೆ ಗೋಡೆ ಎಲ್ಲಿ ಮುಗೀತು ನೆಲ ಎಲ್ಲಿ ಶುರುವಾಯ್ತು ಅಂತ ಗೆರೆ ಕಾಣೋದಿಲ್ಲ. ಚೀಲ ಇಟ್ಟು ಒಂದು ಫೋಟೋ ತೆಗೆದು ನೋಡ್ತೀನಿ, ಬಿಳಿ ಕಾಗದಕ್ಕೆ ತೆಳುವಾಗಿ ಹಸಿರು ಛಾಯೆ. ಲೆನ್ಸ್ ಒರೆಸಿದೆ, ಮತ್ತೆ ಹಸಿರು. ಅಂಗಡಿಯವನು ಕಳಪೆ ಕಾಗದ ಕೊಟ್ನಾ ಅಂತ ಶೀಟ್ ಬದಲಾಯಿಸಿದೆ, ಅದೂ ಹಸಿರು. ಸುಮ್ನೆ ತಲೆ ಎತ್ತಿ ಎದುರಿಗೆ ನೋಡಿದಾಗ ಗೊತ್ತಾಗಿದ್ದು, ಹತ್ತು ಮಾರು ದೂರದಲ್ಲಿ ತೋಟ, ಮಳೆಗೆ ತೊಯ್ದು ಹೊಳೀತಿರೋ ಅಡಿಕೆ ಸೋಗೆ, ಬಾಳೆ, ಕಂಬಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಜಗಲಿಗೆ ಬರೋ ಬೆಳಕೆಲ್ಲಾ ಆ ಹಸಿರನ್ನ ತಾಗಿಯೇ ಬರ್ತಿತ್ತು. ನಮ್ಮ ಕಣ್ಣಿಗೆ ಅಭ್ಯಾಸ ಆಗಿ ಗೊತ್ತಾಗೋದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಕೆಳಗೆ ಕೆಂಪು ಗಾರೆ ನೆಲ ಬೇರೆ, ಚೀಲದ ಬುಡಕ್ಕೆ ಅದರ ಕೆಂಪು ಹೊಡೀತಿತ್ತು. ಮಲೆನಾಡಿನ ಹಳೇ ಮನೆಯಲ್ಲಿ ವಸ್ತುಗಳ ಫೋಟೋ ತೆಗೆಯೋರಿಗೆ ಈ ಎರಡು ವಿಷಯ ಯಾರಾದ್ರೂ ಹೇಳ್ಬೇಕು ಅಂತ ಅವತ್ತೇ ಅನ್ನಿಸ್ತು, ನಾನಂತೂ ಎಲ್ಲೂ ಓದಿರಲಿಲ್ಲ.

ಎಲ್ಲಾ ಎತ್ತಿಕೊಂಡು ಮೆತ್ತಿಗೆ, ಅಂದ್ರೆ ಮಹಡಿಗೆ ಹೋದ್ವಿ. ಅಲ್ಲಿ ಅಂಗಳದ ಕಡೆ ಒಂದು ಕಿಟಕಿ ಇದೆ, ಅದರಿಂದ ಕಾಣೋದು ಬರೀ ಆಕಾಶ. ಹಲಗೆ ನೆಲಕ್ಕೆ ಚಿಕ್ಕಪ್ಪನ ಬಿಳಿ ಪಂಚೆ ಹಾಸಿದ್ವಿ, ಕಿಟಕಿಯ ಎದುರು ಮಗ್ಗುಲಿಗೆ ಹೋದ ವರ್ಷದ ಗಣಪತಿ ಮಂಟಪದ ಥರ್ಮೋಕೋಲ್ ಹಲಗೆನ ಚಿಕ್ಕಮ್ಮನ ಮಗ, ನನ್ನ ತಮ್ಮ, ಹಿಡ್ಕೊಂಡ. ಕಿಟಕಿ ಬೆಳಕು ಅದಕ್ಕೆ ಬಡಿದು ತಿರುಗಿ ಚೀಲದ ಕತ್ತಲೆ ಮಗ್ಗುಲಿಗೆ ಬೀಳುತ್ತೆ. ಈ ಸಲ ಕಾಗದ ಕಾಗದದ ಹಾಗೇ ಕಾಣ್ತು.

ಆದ್ರೆ ಬೂದಿ ಬಣ್ಣದ ಕಾಗದ. ಇದು ಕ್ಯಾಮೆರಾದ ಲೆಕ್ಕಾಚಾರ, ಚೌಕಟ್ಟಿನ ತುಂಬಾ ಬಿಳಿ ಕಂಡ್ರೆ ಅದು ಬೆಳಕು ಜಾಸ್ತಿ ಇದೆ ಅಂದ್ಕೊಂಡು ಎಲ್ಲಾನೂ ಮಂಕು ಮಾಡುತ್ತೆ. ಪರದೆ ಮೇಲೆ ಚೀಲದ ಜಾಗದಲ್ಲಿ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಸ್ವಲ್ಪ ಮೇಲೆ ಎಳೆದ್ರೆ ಬಿಳಿ ಬಿಳಿಯಾಗುತ್ತೆ. ಜಾಸ್ತಿ ಎಳೆದ್ರೆ ಚೀಲದ ಅಂಚೇ ಕಾಗದದಲ್ಲಿ ಕರಗಿ ಹೋಗುತ್ತೆ, ಅಲ್ಲಿ ಕೈ ಹಿಡಿತ ಬೇಕು.

ಇದಕ್ಕಿಂತ ಕಷ್ಟ ಕೊಟ್ಟಿದ್ದು ಬಣ್ಣ. ದೂರದಿಂದ ತೆಗೆದಾಗ ಚೀಲ ಸರಿಯಾದ ಅಡಿಕೆ ಬಣ್ಣ, ನೇಯ್ಗೆ ಕಾಣ್ಲಿ ಅಂತ ಹತ್ತಿರ ಹೋದ ಕೂಡ್ಲೇ ಅದೇ ಚೀಲ ನೀಲಿ ಬೆರೆತ ಮಂಕು ಕಂದು. ಬೆಳಕು ಬದಲಾಗಿಲ್ಲ, ಚೀಲ ಬದಲಾಗಿಲ್ಲ. ಚೌಕಟ್ಟಿನ ತುಂಬಾ ಕೆಂಪು ಕಂದು ತುಂಬಿದ್ರೆ ಫೋನ್ ಅದನ್ನ ಬಲ್ಬಿನ ಬೆಳಕು ಅಂದ್ಕೊಂಡು ತಾನೇ ತಣ್ಣಗೆ ಮಾಡಿಬಿಡುತ್ತೆ. ಅದಕ್ಕೆ ಎಲ್ಲಾ ನಾವೇ ಹೊಂದಿಸೋ ಪ್ರೋ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹಾಗೆ ಬಿಳಿನ ಬಿಳಿ ಮಾಡೋ ಸೆಟ್ಟಿಂಗ್) ಆಟೋದಿಂದ ತೆಗೆದು, ಬರೀ ಬಿಳಿ ಕಾಗದ ನೋಡ್ತಾ ಸಂಖ್ಯೆ ಏರಿಸಿ ಇಳಿಸಿ, 6000 ಕೆಲ್ವಿನ್ ದಾಟಿ ಸ್ವಲ್ಪ ಮೇಲೆ ನಿಲ್ಲಿಸಿದೆ, ಆಮೇಲೆ ಆ ಬೆಳಕು ಇರೋ ತನಕ ಮುಟ್ಟಲೇ ಇಲ್ಲ. ದೂರ ಹತ್ತಿರ ಎರಡೂ ಒಂದೇ ಬಣ್ಣ ಬಂತು. ಚಿಕ್ಕಮ್ಮ ಚೀಲನ ಫೋನ್ ಪಕ್ಕ ಹಿಡಿದು, ಒಮ್ಮೆ ಇದನ್ನ ಒಮ್ಮೆ ಅದನ್ನ ನೋಡಿ "ಹಾಂ, ಇದು ನಮ್ಮ ಹಂಡೇದು" ಅಂದ್ಲು.

ಚೀಲನ ಅಣಿ ಮಾಡೋ ಕೆಲಸ ಪೂರ್ತಿ ಅವಳದ್ದು. ಮಳೆಗಾಲಕ್ಕೆ ಬಟ್ಟೆ ಥಂಡಿ ಹಿಡಿದು ಸುಕ್ಕಾಗಿತ್ತು, ಕರೆಂಟ್ ಇಲ್ಲ, ಅಟ್ಟದಿಂದ ಹಳೇ ಇಸ್ತ್ರಿ ಪೆಟ್ಟಿಗೆ ಇಳಿಸಿ ಕರಟದ ಇದ್ದಿಲು ತುಂಬಿ ಊದಿ ಊದಿ ಒಂದೊಂದೇ ಚೀಲ ತೀಡಿದ್ಲು. ನಾನು ಬೆರಳಿಗೆ ಸೆಲ್ಲೋಟೇಪ್ ಉಲ್ಟಾ ಸುತ್ತಿಕೊಂಡು ಬಟ್ಟೆ ಮೇಲಿನ ಬಿಳಿ ಕಸರು, ಬೆಕ್ಕಿನ ಕೂದಲು ಎಲ್ಲಾ ಎತ್ತಿದೆ, ಬರಿಗಣ್ಣಿಗೆ ಕಾಣದೆ ಇರೋ ಒಂದು ಎಳೆ ಕೂದಲು ಝೂಮ್ ಮಾಡಿದಾಗ ಹಗ್ಗದ ಹಾಗೆ ಕಾಣುತ್ತೆ. ಚೀಲ ನಿಲ್ಲೋಕೆ ಒಳಗೆ ಪೇಪರ್ ತುರುಕಿದ್ದೆ, ಚಿಕ್ಕಮ್ಮ ಅರ್ಧ ತೆಗೆದು ಹಾಕಿದ್ಲು, "ಸಂತೆಯಿಂದ ಸೊಪ್ಪು ತಂದಾಗ ಹೆಂಗಿರ್ತದೋ ಹಂಗೆ ಇರ್ಲಿ, ಹೊಟ್ಟೆ ಉಬ್ಬಿಸ್ಬೇಡ" ಅಂತ. ಅವಳು ಹೇಳಿದ್ದೇ ಸರಿ, ತುಂಬಾ ತುಂಬಿಸಿದ್ರೆ ಚೀಲ ಇರೋದಕ್ಕಿಂತ ದೊಡ್ಡದು ಅನ್ನಿಸುತ್ತೆ.

ಅಳತೆ ವಿಷಯದಲ್ಲೂ ಹಿಂದೆ ಒಬ್ರು ಬೇಜಾರು ಮಾಡ್ಕೊಂಡಿದ್ರು, ಲ್ಯಾಪ್‌ಟಾಪ್ ಹಿಡಿಯುತ್ತೆ ಅಂದ್ಕೊಂಡಿದ್ರಂತೆ. ಬಿಳಿ ಹಿನ್ನೆಲೆಯಲ್ಲಿ ಒಂಟಿ ಚೀಲ ಎಷ್ಟು ದೊಡ್ಡದು ಅಂತ ಯಾರಿಗೆ ಗೊತ್ತಾಗುತ್ತೆ? ಮುಖ್ಯ ಫೋಟೋದಲ್ಲಿ ಬೇರೆ ವಸ್ತು ಇಡೋ ಹಾಗಿಲ್ಲ. ಅಮೆಜಾನ್‌ನಲ್ಲಿ ಮುಖ್ಯ ಫೋಟೋಗೆ ನಿಯಮ ಏನಂದ್ರೆ ಹಿನ್ನೆಲೆ ಅಚ್ಚ ಬಿಳಿ, ಅಂದ್ರೆ ಕೆಂಪು ಹಸಿರು ನೀಲಿ ಮೂರೂ 255, ವಸ್ತು ಚೌಕಟ್ಟಿನ 85 ಪರ್ಸೆಂಟ್ ತುಂಬಬೇಕು, ಮೇಲೆ ಅಕ್ಷರ, ಲೋಗೋ ಏನೂ ಇರಬಾರದು, ಗಿರಾಕಿ ಝೂಮ್ ಮಾಡಿ ನೋಡ್ಬೇಕಂದ್ರೆ ಉದ್ದದ ಕಡೆ 1000 ಪಿಕ್ಸೆಲ್ ಆದ್ರೂ ಬೇಕು. ನಾವು ಮಾರೋದು ಬೇರೆ ಕಡೆ, ಆದ್ರೂ ಅದನ್ನೇ ಅಳತೆ ಇಟ್ಕೊಂಡೆ. ಎರಡನೇ ಫೋಟೋದಲ್ಲಿ ಚಿಕ್ಕಮ್ಮನೇ ಚೀಲ ಹೆಗಲಿಗೆ ಹಾಕಿ ನಿಂತ್ಲು, ಕುತ್ತಿಗೆಯಿಂದ ಕೆಳಗೆ ಮಾತ್ರ. ಇನ್ನೊಂದರಲ್ಲಿ ಇಂಚು ಲೆಕ್ಕ ಬರೆದೆ. ಒಳಗಿನ ಜೇಬು, ಹಿಡಿಕೆ ಹೊಲಿಗೆ ಬುಡದಲ್ಲಿ ಹಾಕಿರೋ ಅಡ್ಡ ಹೊಲಿಗೆ, ಅದನ್ನ ಹತ್ತಿರದಿಂದ.

ಮಳೆ ಬೆಳಕು ಕಮ್ಮಿ ಆದ್ದರಿಂದ ಕೈಯಲ್ಲಿ ಹಿಡಿದ್ರೆ ನೇಯ್ಗೆ ಮಸುಕಾಗ್ತಿತ್ತು, ಫೋನನ್ನ ಅಕ್ಕಿ ಡಬ್ಬಿ ಮೇಲೆ ಪುಸ್ತಕ ಒಟ್ಟಿ ನಿಲ್ಲಿಸಿ 3 ಸೆಕೆಂಡ್ ಟೈಮರ್ ಹಾಕಿದೆ, ಬಟನ್ ಒತ್ತೋವಾಗಿನ ಅಲುಗಾಟವೂ ತಪ್ಪುತ್ತೆ. ತೀರಾ ಹತ್ತಿರ ಇಟ್ರೆ ಚೀಲದ ಬುಡ ಅಗಲವಾಗಿ ಬಾಯಿ ಸಣ್ಣಗಾಗಿ ಕಾಣುತ್ತೆ, ಎರಡು ಹೆಜ್ಜೆ ಹಿಂದೆ ಹೋಗಿ 2 ಎಕ್ಸ್ ಝೂಮ್‌ನಲ್ಲಿ ತೆಗೆದ್ರೆ ಆಕಾರ ಕೆಡಲ್ಲ.

ನಮ್ಮಿಬ್ಬರಿಗೆ ಚರ್ಚೆ ಆಗಿದ್ದು ಒಂದೇ ಫೋಟೋಗೆ. ಬೇರೆ ಬೇರೆ ದಿನ ಅದ್ದಿದ ಮೂರು ಚೀಲ ಸಾಲಾಗಿ ಇಟ್ಟು ತೆಗೀಬೇಕು ಅಂತ ನಾನು. ಮೂರರ ಬಣ್ಣವೂ ಒಂಚೂರು ಹೆಚ್ಚು ಕಮ್ಮಿ, ಚೊಗರು ಎಷ್ಟು ಗಟ್ಟಿ ಇತ್ತು ಅನ್ನೋದರ ಮೇಲೆ ಹೋಗುತ್ತೆ. "ಅದನ್ನ ತೋರ್ಸಿದ್ರೆ ತಗೊಳೋರೂ ತಗೊಳಲ್ಲ, ನಮಗೆ ಸರಿಯಾಗಿ ಬಣ್ಣ ಹಾಕಕ್ಕೆ ಬರಲ್ಲ ಅಂದ್ಕೊಳ್ತಾರೆ" ಅಂತ ಅವಳ ಭಯ. ಆ ಭಯ ನನಗೆ ಅರ್ಥ ಆಗುತ್ತೆ, ಮಿಲ್ ಬಟ್ಟೆ ನೋಡಿ ಅಭ್ಯಾಸ ಆದವರಿಗೆ ಎಲ್ಲಾ ಒಂದೇ ಥರ ಇರ್ಬೇಕು. ಆದ್ರೆ ಪಾರ್ಸೆಲ್ ಬಿಚ್ಚಿದ ಮೇಲೆ ಅವರಿಗೆ ಗೊತ್ತಾಗೋ ಬದಲು ದುಡ್ಡು ಕೊಡೋಕೆ ಮುಂಚೆ ಗೊತ್ತಾಗ್ಲಿ, ಅದು ಅವರ ಹಕ್ಕು ಚಿಕ್ಕಮ್ಮ ಅಂದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳದೆ ಇದ್ದು, ಆಮೇಲೆ ತಾನೇ ಮೂರು ಚೀಲ ಆರಿಸಿ ತಂದು ತಿಳಿಯಿಂದ ಗಾಢಕ್ಕೆ ಸಾಲು ಮಾಡಿ ಇಟ್ಲು.

ಮಧ್ಯಾಹ್ನ ಊಟ ಆದ ಮೇಲೆ ಫೋನ್‌ನಲ್ಲೇ ಫೋಟೋ ತಿದ್ದೋ ಸ್ನ್ಯಾಪ್‌ಸೀಡ್ ಆ್ಯಪ್ ಹಾಕಿ ಹಿನ್ನೆಲೆ ಮಾತ್ರ ಬೆಳ್ಳಗೆ ಮಾಡಿದೆ, ಬಣ್ಣ ಹೆಚ್ಚಿಸೋ ಸ್ಲೈಡರ್‌ಗೆ ಕೈ ಹಾಕ್ಲಿಲ್ಲ. ನನ್ನ ಫೋನ್ ಪರದೆ ವಿವಿಡ್‌ನಲ್ಲಿ ಇತ್ತು, ಎಲ್ಲಾ ಬಣ್ಣನೂ ಒಂದು ಕೈ ಜಾಸ್ತಿ ತೋರಿಸ್ತಿತ್ತು ಅಂತ ಆಗ ಕಣ್ಣಿಗೆ ಬಿತ್ತು, ನ್ಯಾಚುರಲ್‌ಗೆ ಬದಲಾಯಿಸಿದೆ. ಆಮೇಲೆ ಚಿಕ್ಕಪ್ಪನ ಹಳೇ ಫೋನು, ತಮ್ಮನ ಫೋನು, ನಂದು, ಮೂರನ್ನೂ ಕಿಟಕಿ ಹತ್ತಿರ ಇಟ್ಟು ನಡುವೆ ಚೀಲ ಇಟ್ಟು ನೋಡಿದ್ವಿ. ಮೂರರಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇತ್ತು, ಆದ್ರೆ ಕೇಸರಿ ಯಾವುದರಲ್ಲೂ ಇರಲಿಲ್ಲ. ಚೌಕಾಕಾರಕ್ಕೆ ಕತ್ತರಿಸಿ 2000 ಪಿಕ್ಸೆಲ್‌ಗೆ ಇಳಿಸಿ ಜೆಪೆಗ್ ಮಾಡಿದೆ, 4 ಎಂಬಿ ಇದ್ದಿದ್ದು ಕೆಲವು ನೂರು ಕೆಬಿಗೆ ಬಂತು, ನಮ್ಮ ಕಡೆ ನೆಟ್‌ವರ್ಕಿಗೆ ಅದು ಬೇಕೇ ಬೇಕು. ತಮ್ಮನ ಫೋನಿಂದ ಅಪ್‌ಲೋಡ್ ಮಾಡ್ಬೇಕಿತ್ತು, ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಹಿಂಡಿ ಸಣ್ಣ ಮಾಡುತ್ತೆ, ಹಾಗಾಗಿ ಡಾಕ್ಯುಮೆಂಟ್ ಅಂತ ಕಳಿಸಿದೆ. ಅದೂ ಮನೆಯಲ್ಲಿ ಹೋಗ್ಲಿಲ್ಲ, ಇಬ್ರೂ ಕೊಡೆ ಹಿಡ್ಕೊಂಡು ಗುಡ್ಡ ಹತ್ತಿ, ಎರಡು ಕಡ್ಡಿ ಸಿಗ್ನಲ್ ಸಿಕ್ಕ ಕಡೆ ಗೇರುಮರದ ಬುಡದಲ್ಲಿ ನಿಂತು ಒಂದೊಂದೇ ಏರಿಸಿದ್ವಿ. ಜಿಗಣೆ ಕಾಲಿಗೆ ಹತ್ತಿದ್ದು ಮನೆಗೆ ಬಂದು ಉಪ್ಪು ಹಾಕೋವಾಗಲೇ ಗೊತ್ತಾಗಿದ್ದು.

ಅಡಿಕೆ ಬಣ್ಣದ್ದು, ಕೆಂಪು, ಎರಡೂ ಮುಗೀತು. ಅನ್ನಭೇದಿ ಹಾಕಿದ ಕಪ್ಪು ಚೀಲ ಮಾತ್ರ ಅವತ್ತು ಹಿಡಿಯೋಕೆ ಆಗ್ಲಿಲ್ಲ. ಅದು ಪೂರ್ತಿ ಕಪ್ಪಲ್ಲ, ಮಳೆಗೆ ತೊಯ್ದ ಮರದ ತೊಗಟೆ ಇರುತ್ತಲ್ಲ, ಆ ಕಪ್ಪು, ಒಳಗೆ ಎಲ್ಲೋ ಕಂದು ಇದೆ. ಹತ್ತಿರ ಹೋದ್ರೆ ಫೋನ್ ಕತ್ತಲೆ ಅಂತ ತಿಳ್ಕೊಂಡು ಬೆಳಗಿಸಿ ಬೂದಿ ಮಾಡುತ್ತೆ, ಇಳಿಸಿದ್ರೆ ಕಂದು ಮಾಯವಾಗಿ ಬರೀ ಇದ್ದಿಲು. ಬೆಳಕನ್ನ ಒಂದೇ ಮಗ್ಗುಲಿಂದ ಓರೆಯಾಗಿ ಬಿಟ್ಟು ಕೂಡ ನೋಡಿದ್ವಿ, ಅಷ್ಟೊತ್ತಿಗೆ ನಾಲ್ಕೂವರೆ, ಮೆತ್ತಿ ಕಿಟಕಿಯಲ್ಲಿ ಬೆಳಕು ಮುಗಿದಿತ್ತು. ಮಳೆ ಬಿಟ್ಟು ಬರೀ ಮೋಡ ಇರೋ ಒಂದು ಬೆಳಿಗ್ಗೆ ಮತ್ತೆ ಬಾ ಅಂದಿದ್ದಾಳೆ ಚಿಕ್ಕಮ್ಮ, ಆ ಚೀಲನ ಇಸ್ತ್ರಿ ಮಾಡಿ ಪೇಪರ್ ಸುತ್ತಿ ಅಲ್ಲೇ ಮೆತ್ತಿಯ ಪೆಟ್ಟಿಗೆ ಮೇಲೆ ಇಟ್ಟಿದ್ದಾಳೆ, ಅಲ್ಲಿ ತನಕ ಅದನ್ನ ಮಾರೋಕೆ ಹಾಕಲ್ಲ.