ಶೇಂಗಾ, ಮೆಣಸಿನಕಾಯಿ ಮತ್ತು ನನ್ನ ಪಾಲಿನ ಖಾನೆ

ನಮ್ಮ ಪುಸ್ತಕದಂಗಡಿಯ ಗಲ್ಲಾದ ಪಕ್ಕದ ಸಣ್ಣ ಕಪಾಟನ್ನು ಈ ತಿಂಗಳು ಮಾಲಕರು ಕೆಲಸದವರಿಗೇ ಬಿಟ್ಟುಕೊಟ್ಟಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಖಾನೆ. "ನೀವು ಓದಿ ಮೆಚ್ಚಿದ್ದು ಇಡ್ರಿ. ಹೊಸಾದು ಬಂದೈತಿ ಅಂತ ಇಡಬ್ಯಾಡ್ರಿ." ಅವರ ಷರತ್ತು ಇಷ್ಟೇ. ಪುಸ್ತಕಕ್ಕೊಂದು ಚೀಟಿ, ಚೀಟಿಯಲ್ಲಿ ಎರಡು ಸಾಲು. ಧಾರವಾಡದ ಈ ಅಂಗಡಿಯಲ್ಲಿ ನಿಂತು ಹನ್ನೊಂದು ವರ್ಷವಾಯಿತು. ಎರಡು ಸಾಲಿನಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಟ್ಟದ್ದು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಹೋದ ವರ್ಷ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಖಾನಾವಳಿ ನಡೆಸುವ ಅಕ್ಕ ಒಬ್ಬರು ಮಗಳ ಹತ್ತನೆಯ ತರಗತಿಯ ಗೈಡು ಒಯ್ಯಲು ಬಂದಿದ್ದರು. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಅಲ್ಲೇ ನಿಂತು ಪುಸ್ತಕದ ಹೆಸರು ಓದಿದರು.

"ಹೊಟ್ಟಿಯೊಳಗ ಅಮೆರಿಕಾ ಹೆಂಗ ಬರತೈತ್ರಿ?"

"ನಿಮ್ಮ ತಾಟಿನಾಗಿಂದ ಶೇಂಗಾ ಚಟ್ನಿ ತಗೀರಿ. ಕೆಂಪು ಖಾರ ತಗೀರಿ. ಬಟಾಟಿ, ಟೊಮೆಟೊ ತಗೀರಿ. ಇವೆಲ್ಲಾ ಸಮುದ್ರ ದಾಟಿ ಬಂದಾವ್ರಿ."

"ಬ್ಯಾಡಗಿ ಮೆಣಸಿನಕಾಯಿನೂ?"

ತಮ್ಮ ಮನೆಯವರ ಮೇಲೆ ಯಾರೋ ಅಪವಾದ ಹೊರಿಸಿದ ಹಾಗೆ ಅವರ ಮುಖ ಸಣ್ಣದಾಯಿತು. ಪೋರ್ಚುಗೀಸರು ಬರುವ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು, ಅದರ ಹೆಸರನ್ನೇ ಹೊಸ ಕಾಯಿಗೆ ಇಟ್ಟು ನಾವು ಮೆಣಸಿನಕಾಯಿ ಅಂದೆವು ಎಂದು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗೈಡಿನ ಮೇಲೆ ಆ ಪುಸ್ತಕವನ್ನೂ ಇಟ್ಟು ಬಿಲ್ ಮಾಡಲು ಹೇಳಿದರು.

ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅವರ ‘ಹಸುರು ಹೊನ್ನು’ಗೆ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಷ್ಟೋ ಕಡೆ ಇಂಥ ಪುಸ್ತಕಗಳನ್ನು ‘ವಿಜ್ಞಾನ’ ಅಂತ ಬರೆದ ಮೂಲೆಗೆ, ಸಿಇಟಿ ಗೈಡುಗಳ ಸಾಲಿಗೆ ತಳ್ಳಿರುತ್ತಾರೆ. ನನಗೆ ಅದು ನಿಜವಾಗಿ ಸಂಕಟ ಕೊಡುತ್ತದೆ. ಕಾದಂಬರಿ ಓದುವವರ ಕಣ್ಣಿಗೆ ಇವು ಬೀಳುವುದೇ ಇಲ್ಲ.

ಅದರ ಪಕ್ಕಕ್ಕೆ ಬೇಕೆಂದೇ ದೇವನೂರ ಮಹಾದೇವ ಅವರ ಕಿರುಕಾದಂಬರಿ ‘ಒಡಲಾಳ’ ಇಟ್ಟೆ. ಅದರಲ್ಲೂ ಶೇಂಗಾ ಇದೆ. ಕಥೆ ಮೈಸೂರು ಸೀಮೆಯ ಆಡುಮಾತಿನಲ್ಲಿದೆ, ಅಲ್ಲಿನವರ ಮಾತಿನಲ್ಲಿ ಕಡ್ಲೇಕಾಯಿ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾ ಅಲೆಯುವುದು, ರಾತ್ರಿ ಮನೆಗೆ ಬಂದ ಕದ್ದ ಕಡ್ಲೇಕಾಯಿಯನ್ನು ದೊಡ್ಡವರು ಚಿಕ್ಕವರೆಲ್ಲ ಬೆಂಕಿಯ ಸುತ್ತ ಕೂತು ಬಿಡಿಸಿ ತಿನ್ನುವುದು, ಸಿಪ್ಪೆ ಬೆಂಕಿಗೆ ಬೀಳುವುದು, ಗೋಡೆಯ ಮೇಲೆ ಹುಡುಗಿಯೊಬ್ಬಳು ನವಿಲು ಬಿಡಿಸುವುದು. ಹಸಿದ ಮನೆಯಲ್ಲಿ ಅದು ಹಬ್ಬದ ರಾತ್ರಿ. ಬೆಳಗ್ಗೆ ಪೊಲೀಸರು ಬರುತ್ತಾರೆಂಬ ಭಯ ನಮಗೆ ಓದುವವರಿಗೂ ಇರುತ್ತದೆ, ಆದರೂ ಅವರು ಹೊಟ್ಟೆ ತುಂಬ ತಿನ್ನಲಿ ಅನಿಸುತ್ತದೆ. ನಮ್ಮ ಕಡೆಯವರು ಎರಡು ಪುಟ ತಿರುವಿ "ಈ ಭಾಷಾ ನಮಗ ತಿಳಿಯೂದಿಲ್ರಿ" ಅಂತ ವಾಪಸು ಇಡುತ್ತಾರೆ. ಆಗ ನಾನೇ ಒಂದು ಪುಟ ಗಟ್ಟಿಯಾಗಿ ಓದಿ ಹೇಳುತ್ತೇನೆ. ಕಣ್ಣಿಗೆ ಕಠಿಣ ಕಂಡ ಮಾತು ಕಿವಿಗೆ ಬಿದ್ದಾಗ ಸರಳವಾಗುತ್ತದೆ.

ಮೂರನೆಯದು ‘ಕರ್ವಾಲೊ’. ಇದನ್ನು ಇಡಲು ನನ್ನದೇ ಒಂದು ತಪ್ಪು ಕಾರಣ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದು, ಇಪ್ಪತ್ತು ವರ್ಷದಿಂದ ಕನ್ನಡ ಪುಸ್ತಕ ಮುಟ್ಟಿಲ್ಲ, ಮತ್ತೆ ಶುರು ಮಾಡಬೇಕು, ಒಳ್ಳೆಯದೊಂದು ಕೊಡಿ ಅಂದರು. ನನಗೆ ಜೀವಕ್ಕಿಂತ ಹೆಚ್ಚಾದ, ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಕೊಟ್ಟೆ. ವರ್ಷ ಕಳೆದ ಮೇಲೆ ಬಂದರು. "ನಲವತ್ತು ಪುಟಕ್ಕ ನಿಂತೇನ್ರಿ. ನನಗ ಕನ್ನಡನ ಮರತೈತೇನೋ ಅನಿಸಿಬಿಡ್ತು." ಆ ಮಾತು ಇನ್ನೂ ಚುಚ್ಚುತ್ತದೆ. ಮತ್ತೆ ಓದಬೇಕು ಅಂತ ಆಸೆಪಟ್ಟು ಬಂದವರ ಕೈಗೆ ಅಷ್ಟು ದಟ್ಟವಾದ, ಅಷ್ಟೊಂದು ಜನ ಓಡಾಡುವ ಕಾಡನ್ನು ಕೊಟ್ಟು ಕಳಿಸಿದ್ದೆ.

ಆವತ್ತು ‘ಕರ್ವಾಲೊ’ ಕೊಟ್ಟೆ. ತೇಜಸ್ವಿಯವರ ಈ ಕಾದಂಬರಿ ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗುತ್ತದೆ. ಜೇನುತುಪ್ಪ ಕೊಳ್ಳಲು ಹೋದವನ ಜೊತೆ ನಾವೂ ಒಳಗೆ ಹೋಗುತ್ತೇವೆ, ಹಾರುವ ಓತಿಯ ಬೆನ್ನು ಹತ್ತಿದ್ದು ಯಾವಾಗ ಅಂತ ಗೊತ್ತೇ ಆಗುವುದಿಲ್ಲ. ಊರವರು ಲೆಕ್ಕಕ್ಕೇ ಇಡದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬ ಹುಟ್ಟಾ ಜೀವವಿಜ್ಞಾನಿಯನ್ನು ಕಾಣುತ್ತಾನಲ್ಲ, ಅಲ್ಲಿ ನನಗೆ ಪ್ರತಿ ಸಲವೂ ಎದೆ ತುಂಬಿಬರುತ್ತದೆ. ಬ್ಯಾಂಕಿನವರು ನಾಲ್ಕನೆಯ ದಿನಕ್ಕೇ ಬಂದು, ಇದೇ ಲೇಖಕರದು ಇನ್ನೇನಿದೆ ಅಂತ ಕೇಳಿದರು.

ಕೊನೆಯದು ನಾಟಕಕಾರ ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’. ಇದನ್ನು 2011ರಲ್ಲಿ ಪ್ರಕಟಿಸಿದ್ದು ನಮ್ಮೂರಿನ ಮನೋಹರ ಗ್ರಂಥಮಾಲೆ. ಕೇಳುವವರಿಗೆ ನಾನು ಮೊದಲು ಅರ್ಪಣೆಯ ಪುಟ ತೆರೆದು ಕೊಡುತ್ತೇನೆ. ಗರ್ಭ ತೆಗೆಸಿಕೊಳ್ಳಲೆಂದು ಹೋಗಿದ್ದ ತಾಯಿ ಡಾಕ್ಟರಿಗಾಗಿ ಕಾದರು, ಡಾಕ್ಟರು ಬರಲಿಲ್ಲ, ತಾಯಿ ಮನೆಗೆ ಮರಳಿದರು. ಹುಟ್ಟಿದ ಮಗು ಬೆಳೆದು, ಆವತ್ತು ಬಾರದೆ ಉಳಿದ ಡಾಕ್ಟರಿಗೆ ತನ್ನ ಪುಸ್ತಕವನ್ನು ಅರ್ಪಿಸುತ್ತಾನೆ. ನಿಂತಲ್ಲೇ ಇಷ್ಟು ಓದಿದವರು ಬರಿಗೈಲಿ ಹೋದದ್ದನ್ನು ನಾನು ನೋಡಿಲ್ಲ.

ಓದಿ ಮುಗಿಸಿದವರು ಬಂದು "ಎರಡನೇ ಭಾಗ ಐತೇನ್ರಿ?" ಅಂತ ಕೇಳುತ್ತಾರೆ. ಎಪ್ಪತ್ತರ ದಶಕದ ಹತ್ತಿರ ಕಥೆ ನಿಲ್ಲುತ್ತದೆ, 2019ರಲ್ಲಿ ಕಾರ್ನಾಡರೇ ಹೋದರು. ಇಲ್ರಿ ಅಂತ ಹೇಳಿ, ನಾಟಕಗಳ ಸಾಲಿಗೆ ಹೋಗಿ, ಆ ಕಥೆ ನಿಂತ ಕಾಲದ ಆಮೇಲೆ ಅವರು ಬರೆದ ‘ತಲೆದಂಡ’ ತಂದು ಕೊಡುತ್ತೇನೆ.